ದೀಪದ ತಾಯಿ ಬೇಡವೆಂದ ಪರೀಕ್ಷೆ

ನಿಮ್ಮ ಮನೆಯಲ್ಲಿ ನರ್ಸಿಂಗ್ ಓದುತ್ತಿರುವ ಮಗಳಿದ್ದರೆ ಈ ನೋಟ ನಿಮಗೆ ಹೊಸದಲ್ಲ. ಕೊನೆಯ ವರ್ಷದ ಪರೀಕ್ಷೆಗೆ ಇನ್ನು ಹದಿನೈದು ದಿನ. ರಾತ್ರಿ ಊಟವಾಗಿ, ಜಪಸರ ಮುಗಿದು ಮನೆಯವರೆಲ್ಲ ಮಲಗಿದರೂ ಆಕೆ ಮಾತ್ರ ನೋಟ್ ಪುಸ್ತಕ ಹಿಡಿದು ಕುಳಿತಿರುತ್ತಾಳೆ. ವಯಸ್ಕರ ನಾಡಿಬಡಿತ ನಿಮಿಷಕ್ಕೆ 60ರಿಂದ 100. ಉಸಿರಾಟ 12ರಿಂದ 20. ಆಗತಾನೆ ಹುಟ್ಟಿದ ಮಗುವಿನ ಎದೆಬಡಿತ 120ರಿಂದ 160. ಹಾಸಿಗೆ ಬಿಟ್ಟು ಏಳಲಾರದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಔಷಧ ಕೊಡುವ ಮುನ್ನ ರೋಗಿ ಸರಿಯೇ, ಔಷಧ ಸರಿಯೇ, ಪ್ರಮಾಣ ಸರಿಯೇ, ಕೊಡುವ ಮಾರ್ಗ ಸರಿಯೇ, ಸಮಯ ಸರಿಯೇ ಎಂದು ನೋಡಬೇಕು. ಸೋಪು ನೀರಿನಿಂದ ಕೈ ತೊಳೆಯಲು 40ರಿಂದ 60 ಸೆಕೆಂಡು. ಹೀಗೆ ಪುಟಗಟ್ಟಲೆ ಬಾಯಿಪಾಠ. ಪರೀಕ್ಷೆ ಪಾಸಾದರೆ ರಾಜ್ಯದ ನರ್ಸಿಂಗ್ ಕೌನ್ಸಿಲಿನಲ್ಲಿ ಹೆಸರು ನೋಂದಣಿ. ಆ ನೋಂದಣಿ ಸಂಖ್ಯೆ ಸಿಕ್ಕ ದಿನವೇ ಆಕೆ ಕಾನೂನಿನ ಕಣ್ಣಿನಲ್ಲಿ ನರ್ಸ್. ಹೊರದೇಶಕ್ಕೆ ಹೋಗಬೇಕೆಂದರೆ ಅಲ್ಲಿಯ ಪರೀಕ್ಷೆ ಮತ್ತೊಂದು.

ಇದೇ ಮಗಳು ಓದಿನ ಆರಂಭದಲ್ಲಿ ಬಿಳಿಯ ಸಮವಸ್ತ್ರ ತೊಟ್ಟು, ಕೈಯಲ್ಲಿ ದೀಪ ಹಿಡಿದು ಪ್ರಮಾಣವಚನ ಹೇಳಿದ್ದನ್ನು ನೀವು ಮುಂದಿನ ಸಾಲಿನಲ್ಲಿ ಕುಳಿತು ಕಣ್ತುಂಬ ನೋಡಿರಬಹುದು. ಆ ದೀಪ ಯಾರ ನೆನಪಿಗೆ? ಫ್ಲಾರೆನ್ಸ್ ನೈಟಿಂಗೇಲ್ ಅವರ ನೆನಪಿಗೆ. ಅದೇ ಫ್ಲಾರೆನ್ಸ್ ನೈಟಿಂಗೇಲ್, ನರ್ಸುಗಳಿಗೆ ಸಾರ್ವಜನಿಕ ಪರೀಕ್ಷೆ ಇಟ್ಟು ಪಾಸಾದವರ ಹೆಸರನ್ನು ಪಟ್ಟಿ ಮಾಡುವುದು ಬೇಡವೇ ಬೇಡ ಎಂದು ವರ್ಷಗಟ್ಟಲೆ ಹಟ ಹಿಡಿದಿದ್ದರು ಎಂದರೆ ನಂಬುತ್ತೀರಾ? ನಂಬಲೇಬೇಕು, ಅದು ಇತಿಹಾಸ. ಅವರು ಹಾಗೇಕೆ ಹೇಳಿದರೆಂಬುದು ತಿಳಿಯಬೇಕಾದರೆ ಅವರ ಬಾಳನ್ನು ಸ್ವಲ್ಪ ಹಿಂದಿನಿಂದ ನೋಡಬೇಕು.

ಇಂಗ್ಲೆಂಡಿನ ಶ್ರೀಮಂತ ದಂಪತಿ ಇಟಲಿಯಲ್ಲಿ ಪ್ರವಾಸದಲ್ಲಿದ್ದಾಗ, 1820ರ ಮೇ 12ರಂದು ಫ್ಲಾರೆನ್ಸ್ ನಗರದಲ್ಲಿ ಈ ಮಗು ಹುಟ್ಟಿತು. ಹುಟ್ಟಿದ ಊರಿನ ಹೆಸರನ್ನೇ ಮಗುವಿಗೆ ಇಟ್ಟರು. ನಮ್ಮ ಮಾಣಿಕನಗರದ ಹೆಸರಿಗೆ ಕಾರಣರಾದ ಮಾಣಿಕ ಪ್ರಭುಗಳು ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದ್ದು 1817ರಲ್ಲಿ. ಎಂದರೆ ಇಬ್ಬರೂ ಒಂದೇ ಕಾಲದವರು. ಒಬ್ಬರು ನಿಜಾಮರ ಸೀಮೆಯಲ್ಲಿ, ಇನ್ನೊಬ್ಬರು ಸಾವಿರಾರು ಮೈಲಿ ಆಚೆ. ಕಾಲವನ್ನು ಅಂದಾಜು ಮಾಡಲು ನಿಮಗೆ ಸುಲಭವಾಗಲೆಂದು ಇದನ್ನು ಹೇಳಿದೆ.

ತಂದೆ ವಿಲಿಯಂ ನೈಟಿಂಗೇಲ್ ತಾವೇ ಕುಳಿತು ಇಬ್ಬರು ಹೆಣ್ಣುಮಕ್ಕಳಿಗೆ ಲ್ಯಾಟಿನ್, ಗ್ರೀಕ್, ಚರಿತ್ರೆ, ತತ್ತ್ವಶಾಸ್ತ್ರ ಕಲಿಸಿದರು. ಕಿರಿಯಳಿಗೆ ಲೆಕ್ಕದ ಹುಚ್ಚು. ಹದಿನಾರನೆಯ ವಯಸ್ಸಿನಲ್ಲಿ, 1837ರ ಫೆಬ್ರವರಿ 7ರಂದು, ದೇವರು ತನ್ನನ್ನು ತಮ್ಮ ಸೇವೆಗೆ ಕರೆದರೆಂದು ಆಕೆಗೆ ಸ್ಪಷ್ಟವಾಗಿ ಅನಿಸಿತು. ಯಾವ ಸೇವೆ ಎಂಬುದು ಮಾತ್ರ ತಿಳಿಯಲಿಲ್ಲ. ದೈವಕರೆ ಎಂದರೆ ಮರುದಿನವೇ ಎಲ್ಲ ಸುಗಮವಾಗುತ್ತದೆಂದು ಭಾವಿಸುವವರು ಇದನ್ನು ಗಮನಿಸಬೇಕು. ಕರೆ ಕೇಳಿಸಿದ್ದಕ್ಕೂ ಕೆಲಸ ಕೈಗೆ ಬಂದದ್ದಕ್ಕೂ ನಡುವೆ ಹದಿನಾರು ವರ್ಷ ಕಳೆಯಿತು.

ಆ ಹದಿನಾರು ವರ್ಷ ಮನೆಯಲ್ಲಿ ನಡೆದದ್ದು ಸಣ್ಣ ಯುದ್ಧವೇ ಸರಿ. 1845ರಲ್ಲಿ ಸಾಲ್ಸ್‌ಬರಿಯ ಆಸ್ಪತ್ರೆಗೆ ಹೋಗಿ ಕೆಲವು ತಿಂಗಳು ಶುಶ್ರೂಷೆ ಕಲಿಯುತ್ತೇನೆಂದಾಗ ತಾಯಿ ದಿಗಿಲುಬಿದ್ದರು, ಅಕ್ಕ ಅತ್ತರು. ಅವರನ್ನು ಪೂರ್ತಿ ದೂರುವಂತಿಲ್ಲ. ಅಂದಿನ ಇಂಗ್ಲೆಂಡಿನಲ್ಲಿ ಆಸ್ಪತ್ರೆಯ ದಾದಿಯರೆಂದರೆ ಕುಡಿತಕ್ಕೂ ಕೊಳಕಿಗೂ ಹೆಸರಾದವರು. ಮರ್ಯಾದಸ್ಥರ ಮನೆಯ ಹುಡುಗಿ ಅಲ್ಲಿಗೆ ಕಾಲಿಡುವುದೆಂದರೆ ಕುಲಕ್ಕೆ ಕಳಂಕ. ನಮ್ಮ ಕಡೆಯೂ ಒಂದೆರಡು ತಲೆಮಾರಿನ ಹಿಂದೆ ಹೆಣ್ಣುಮಕ್ಕಳನ್ನು ನರ್ಸಿಂಗಿಗೆ ಕಳಿಸಲು ಹಿಂದೆಮುಂದೆ ನೋಡಿದ ಮನೆಗಳಿದ್ದವು, ಹಿರಿಯರಿಗೆ ನೆನಪಿರಬಹುದು. ಒಳ್ಳೆಯ ಮನೆತನದ ವರನೊಬ್ಬ ಬಂದಾಗಲೂ, ಮನಸ್ಸಿಗೆ ಒಪ್ಪಿದ್ದರೂ, 1849ರಲ್ಲಿ ಫ್ಲಾರೆನ್ಸ್ ಮದುವೆ ಬೇಡವೆಂದರು.

ಇಲ್ಲಿ ಕಥೋಲಿಕರಾದ ನಮಗೆ ಹತ್ತಿರದ ಒಂದು ಸಂಗತಿ ಬರುತ್ತದೆ. 1847-48ರ ಚಳಿಗಾಲವನ್ನು ಅವರು ರೋಮ್ ನಗರದಲ್ಲಿ ಕಳೆದರು. ಅಲ್ಲಿ ತ್ರಿನಿತಾ ದೇಯಿ ಮೊಂತಿ ಕನ್ಯಾಮಠದಲ್ಲಿ ಕೆಲವು ದಿನ ಧ್ಯಾನದಲ್ಲಿದ್ದು, ಸಾಂತಾ ಕೊಲೊಂಬಾ ಎಂಬ ಕನ್ಯಾಸ್ತ್ರೀಯಿಂದ ಆಧ್ಯಾತ್ಮಿಕ ಮಾರ್ಗದರ್ಶನ ಪಡೆದರು. ಹೆಣ್ಣುಮಕ್ಕಳು ಮದುವೆಯಾಗದೆ, ದೇವರಿಗೆ ಮೀಸಲಾಗಿ, ಬಡವರ ಸೇವೆಯನ್ನೇ ಜೀವನ ಮಾಡಿಕೊಳ್ಳಲು ಕಥೋಲಿಕ ಶ್ರೀಸಭೆಯಲ್ಲಿ ದಾರಿಯಿದೆ, ತನ್ನ ಸಭೆಯಲ್ಲಿ ಇಲ್ಲ ಎಂಬುದು ಅವರನ್ನು ಬಹಳ ಕಾಡಿತು. 1852ರಲ್ಲಿ, ಆಗಷ್ಟೇ ಕಥೋಲಿಕರಾಗಿದ್ದ ಹೆನ್ರಿ ಮ್ಯಾನಿಂಗ್ ಅವರೊಡನೆ, ಮುಂದೆ ಕಾರ್ಡಿನಲ್ ಆದವರೊಡನೆ, ಈ ಕುರಿತು ಪತ್ರ ವ್ಯವಹಾರ ನಡೆಸಿದರು. ಕೊನೆಗೆ ಅವರು ನಮ್ಮ ಸಭೆಗೆ ಸೇರಲಿಲ್ಲ. ಕೆಲವು ವಿಶ್ವಾಸದ ವಿಷಯಗಳಲ್ಲಿ ಅವರ ವಿಚಾರ ನಮ್ಮದಕ್ಕೆ ಒಪ್ಪುವಂಥದ್ದೂ ಆಗಿರಲಿಲ್ಲ. ಆದ್ದರಿಂದ ಅವರನ್ನು ನಮ್ಮವರೆಂದು ಹೇಳಿಕೊಂಡು ಹಿಗ್ಗುವ ಹಾಗಿಲ್ಲ. ಆದರೆ ಅವರು ಕಲಿತ ಪಾಠದಲ್ಲಿ ನಮ್ಮ ಕನ್ಯಾಸ್ತ್ರೀಯರ ಪಾಲು ದೊಡ್ಡದು, ಅದನ್ನು ಮುಂದೆ ನೋಡುತ್ತೀರಿ.

ಜರ್ಮನಿಯ ಕೈಸರ್ಸ್‌ವರ್ಟ್ ಎಂಬಲ್ಲಿ ಪ್ರೊಟೆಸ್ಟಂಟ್ ಪಾದ್ರಿ ಫ್ಲೀಡ್ನರ್ ನಡೆಸುತ್ತಿದ್ದ ಸೇವಾಸಂಸ್ಥೆಯಲ್ಲಿ 1851ರಲ್ಲಿ ಮೂರು ತಿಂಗಳಿದ್ದು ಮೊದಲ ಬಾರಿಗೆ ಕೈಯಾರೆ ಶುಶ್ರೂಷೆ ಮಾಡಿದರು. 1853ರಲ್ಲಿ ಪ್ಯಾರಿಸಿನ ಕಥೋಲಿಕ ಸಿಸ್ಟರುಗಳ ಬಳಿಗೂ ಹೋದರು. ಅದೇ ವರ್ಷ ಲಂಡನ್ನಿನ ಹಾರ್ಲೆ ಬೀದಿಯಲ್ಲಿ ಅನಾರೋಗ್ಯದ ಮಹಿಳೆಯರ ಸಣ್ಣ ಆಸ್ಪತ್ರೆಯೊಂದರ ಮೇಲ್ವಿಚಾರಣೆ ಕೈಗೆ ಬಂತು. ಆಡಳಿತ ಮಂಡಳಿ ಕಥೋಲಿಕ ರೋಗಿಗಳು ಬೇಡವೆಂದಿತ್ತು. ಎಲ್ಲ ಮತದವರಿಗೂ ಪ್ರವೇಶವಿರಬೇಕು, ಅವರವರ ಧರ್ಮಗುರುಗಳು ಬಂದು ನೋಡಲು ಬಿಡಬೇಕು, ಇಲ್ಲವಾದರೆ ತಾನು ಬರುವುದಿಲ್ಲ ಎಂದರು. ಮಂಡಳಿ ಬಗ್ಗಿತು.

ಮರುವರ್ಷ ಕ್ರೈಮಿಯಾ ಯುದ್ಧ. ಗಾಯಗೊಂಡ ಬ್ರಿಟಿಷ್ ಸೈನಿಕರು ಆರೈಕೆಯಿಲ್ಲದೆ ಸಾಯುತ್ತಿದ್ದಾರೆಂದು ಪತ್ರಿಕೆಗಳಲ್ಲಿ ಬಂದಾಗ ದೇಶವೇ ತಲ್ಲಣಿಸಿತು. ರೋಮ್ ನಗರದಲ್ಲಿ ಪರಿಚಯವಾಗಿದ್ದ ಮಂತ್ರಿ ಸಿಡ್ನಿ ಹರ್ಬರ್ಟ್ ಅವರ ಕೋರಿಕೆಯಂತೆ, 1854ರ ಅಕ್ಟೋಬರ್ 21ರಂದು 38 ಮಂದಿ ಶುಶ್ರೂಷಕಿಯರೊಡನೆ ಫ್ಲಾರೆನ್ಸ್ ಹೊರಟರು. ಆ 38ರಲ್ಲಿ ಹತ್ತು ಮಂದಿ ಕಥೋಲಿಕ ಕನ್ಯಾಸ್ತ್ರೀಯರು. ಅವರಲ್ಲಿ ಐವರು ಲಂಡನ್ನಿನ ಬರ್ಮಂಡ್ಸಿ ಮಠದ ಸಿಸ್ಟರ್ಸ್ ಆಫ್ ಮರ್ಸಿ ಸಭೆಯವರು, ಅವರ ಮುಖ್ಯಸ್ಥೆ ಮದರ್ ಮೇರಿ ಕ್ಲೇರ್ ಮೂರ್. ಡಬ್ಲಿನ್ನಿನ ಪ್ರೊಟೆಸ್ಟಂಟ್ ಮನೆಯಲ್ಲಿ ಹುಟ್ಟಿ ಕಥೋಲಿಕರಾದವರು, ಆ ಹೊತ್ತಿಗೆ ನಲವತ್ತರ ಪ್ರಾಯ. ಆಸ್ಪತ್ರೆಯ ಕೆಲಸದಲ್ಲಿ ನೈಟಿಂಗೇಲರ ಮಾತಿನಂತೆ ನಡೆಯಬೇಕೆಂದು ಅವರ ಧರ್ಮಾಧ್ಯಕ್ಷ ಥಾಮಸ್ ಗ್ರಾಂಟ್ ಒಪ್ಪಿಗೆ ಕೊಟ್ಟಿದ್ದರು. ಅನ್ಯ ಸಭೆಯ, ತಮಗಿಂತ ಆರು ವರ್ಷ ಚಿಕ್ಕವಳಾದ ಹೆಣ್ಣುಮಗಳ ಕೈಕೆಳಗೆ ಮದರ್ ಕ್ಲೇರ್ ಒಂದೂ ಗೊಣಗದೆ ದುಡಿದರು. ಮಠದ ಆಡಳಿತ ನಡೆಸಿ ಪಳಗಿದ್ದ ಅವರಿಗೆ ಲೆಕ್ಕ, ಉಗ್ರಾಣ, ಅಡುಗೆ, ಬಟ್ಟೆ ಎಲ್ಲದರ ಅನುಭವವಿತ್ತು. ಮುಂದೆ ಕಾಯಿಲೆಯಿಂದ ಅವರು ಹಿಂದಿರುಗಬೇಕಾದಾಗ, ಮೇಲ್ವಿಚಾರಕಿಯಾಗಲು ತನಗಿಂತ ಅವರೇ ಹೆಚ್ಚು ಯೋಗ್ಯರಾಗಿದ್ದರೆಂದು ನೈಟಿಂಗೇಲ್ ಪತ್ರ ಬರೆದು ಒಪ್ಪಿಕೊಂಡರು. 1874ರಲ್ಲಿ ಮದರ್ ಕ್ಲೇರ್ ತೀರಿಕೊಳ್ಳುವವರೆಗೂ ಸ್ನೇಹ ಉಳಿಯಿತು. ಶಿಲುಬೆಯ ಸಂತ ಯೊವಾನ್ನರ ಕೃತಿಗಳೂ ಆ ಸ್ನೇಹದ ದಾರಿಯಲ್ಲೇ ಬರ್ಮಂಡ್ಸಿಯ ಮಠದಿಂದ ನೈಟಿಂಗೇಲರ ಕೋಣೆಗೆ ಹೋದವು. ಇನ್ನೊಂದು ಮಾತನ್ನೂ ಮರೆಮಾಚಬಾರದು. ಎರಡನೆಯ ತಂಡದಲ್ಲಿ ಐರ್ಲೆಂಡಿನಿಂದ ಬಂದ ಮದರ್ ಫ್ರಾನ್ಸಿಸ್ ಬ್ರಿಜ್‌ಮನ್ ಮತ್ತು ಅವರ ಸಿಸ್ಟರುಗಳೊಂದಿಗೆ ನೈಟಿಂಗೇಲರಿಗೆ ಹೊಂದಾಣಿಕೆ ಆಗಲೇ ಇಲ್ಲ. ಅಧಿಕಾರ ಯಾರದೆಂಬ ಜಗಳ ಕೊನೆಯವರೆಗೂ ನಡೆಯಿತು. ಎರಡೂ ಕಡೆ ಬಿಗಿ ಸ್ವಭಾವದವರೇ.

ಈಗ ಸ್ಕುಟಾರಿಯ ಆಸ್ಪತ್ರೆಗೆ ಬನ್ನಿ. ಇಸ್ತಾಂಬುಲ್ ಎದುರಿಗೆ, ಸಮುದ್ರದ ಆಚೆ ದಡದ ದೊಡ್ಡ ಸೈನಿಕ ಬ್ಯಾರಕ್ ಅದು. ನೈಟಿಂಗೇಲ್ ತಲುಪಿದ್ದು ನವೆಂಬರ್ ಮೊದಲ ವಾರ. ಒತ್ತೊತ್ತಾಗಿ ಹಾಸಿದ ಹಾಸಿಗೆಗಳು, ಹರಿದು ರಕ್ತ ಹೆಪ್ಪುಗಟ್ಟಿದ ಅಂಗಿಗಳು, ಹೇನು, ಇಲಿ. ಅವರು ನೆಲ ಉಜ್ಜುವ ಬ್ರಷ್ಷುಗಳನ್ನು ತರಿಸಿದರು, ಬಟ್ಟೆ ಒಗೆಯಲು ಬಿಸಿನೀರಿನ ಹಂಡೆ ಹೂಡಿಸಿದರು, ಪಥ್ಯದ ಅಡುಗೆಮನೆ ತೆರೆದರು. ರಾತ್ರಿ ದೀಪ ಹಿಡಿದು ಸಾಲುಸಾಲು ಹಾಸಿಗೆಗಳ ನಡುವೆ ನಡೆದರು. (ಆ ದೀಪ ನಮ್ಮ ಮಕ್ಕಳು ಹಿಡಿಯುವ ಹಣತೆಯಂಥದ್ದಲ್ಲ, ಮಡಿಚಬಹುದಾದ ತುರ್ಕಿ ಲಾಟೀನು. ಹಾಗೆಯೇ ದೀಪ ಬೆಳಗಿಸುವಾಗ ಹೇಳುವ ನೈಟಿಂಗೇಲ್ ಪ್ರಮಾಣವಚನವನ್ನು ಬರೆದವರೂ ಅವರಲ್ಲ. ಅದು 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಸಿದ್ಧವಾದದ್ದು.)

ಇಷ್ಟೆಲ್ಲ ಮಾಡಿದರೂ ಸಾವು ನಿಂತಿತೇ? ಇಲ್ಲ, ಹೆಚ್ಚಾಯಿತು. ನಮ್ಮ ಪಠ್ಯಪುಸ್ತಕಗಳ ಪಾಠಗಳಲ್ಲಿ ಈ ಭಾಗ ಕಾಣುವುದು ಕಡಿಮೆ. 1855ರ ಫೆಬ್ರವರಿಯಲ್ಲಿ ಆ ಆಸ್ಪತ್ರೆಯಲ್ಲಿ ಸಾವಿನ ಪ್ರಮಾಣ ನೂರಕ್ಕೆ 42ಕ್ಕೆ ಮುಟ್ಟಿತ್ತು. ಕಟ್ಟಡದ ಕೆಳಗೇ ಕೊಳಚೆಯ ಮೋರಿಗಳು ಕಟ್ಟಿಕೊಂಡು ನಾರುತ್ತಿದ್ದವು. ಗಾಳಿ ಆಡಲು ಕಿಟಕಿ ಸಾಲದು. ಕುಡಿಯುವ ನೀರಿನ ಕಾಲುವೆಯಲ್ಲಿ ಸತ್ತ ಕುದುರೆ ಬಿದ್ದಿತ್ತು. ಸೈನಿಕರು ಗಾಯದಿಂದ ಸತ್ತದ್ದಕ್ಕಿಂತ ಹಲವು ಪಟ್ಟು ಹೆಚ್ಚು ಮಂದಿ ಟೈಫಸ್, ಭೇದಿ, ಕಾಲರಾಗಳಿಂದ ಸತ್ತರು. ಮಾರ್ಚಿನಲ್ಲಿ ಸರ್ಕಾರದ ನೈರ್ಮಲ್ಯ ಆಯೋಗ ಡಾಕ್ಟರ್ ಜಾನ್ ಸದರ್‌ಲ್ಯಾಂಡ್ ನೇತೃತ್ವದಲ್ಲಿ ಬಂದು ಮೋರಿ ತೊಳೆಸಿ, ಗಾಡಿಗಟ್ಟಲೆ ಕಸ ಸಾಗಿಸಿ, ಗೋಡೆಗಳಿಗೆ ಸುಣ್ಣ ಹೊಡೆಸಿ, ಗಾಳಿಗೆ ದಾರಿ ಮಾಡಿಸಿತು. ಜೂನ್ ಹೊತ್ತಿಗೆ ಸಾವಿನ ಪ್ರಮಾಣ ನೂರಕ್ಕೆ ಎರಡರಷ್ಟಕ್ಕೆ ಇಳಿಯಿತು.

ಆಗ ನೈಟಿಂಗೇಲರಿಗೆ ಇದರ ಪೂರ್ತಿ ಅರ್ಥ ಹೊಳೆದಿರಲಿಲ್ಲ. ಆಹಾರ ಸಾಲದೆ, ದಣಿದು, ತೀರ ಹದಗೆಟ್ಟ ಮೇಲೆ ಆಸ್ಪತ್ರೆಗೆ ಬಂದದ್ದರಿಂದಲೇ ಆ ಸಾವುಗಳು ಆದವೆಂದು ಅವರು ತಿಳಿದಿದ್ದರು. 1856ರಲ್ಲಿ ಇಂಗ್ಲೆಂಡಿಗೆ ಮರಳಿದ ಮೇಲೆ, ವಿಲಿಯಂ ಫಾರ್ ಎಂಬ ಅಂಕಿಅಂಶ ತಜ್ಞರೊಡನೆ ಕುಳಿತು ತಿಂಗಳು ತಿಂಗಳ ಸಾವಿನ ಲೆಕ್ಕವನ್ನು ಬಿಡಿಸಿ ನೋಡಿದಾಗ ಸತ್ಯ ಎದುರಿಗೆ ನಿಂತಿತು. ಯುದ್ಧಭೂಮಿಯ ಸಮೀಪದ ಸಣ್ಣ ಆಸ್ಪತ್ರೆಗಳಿಗಿಂತ ತಾನಿದ್ದ ಸ್ಕುಟಾರಿಯಲ್ಲೇ ಹೆಚ್ಚು ಮಂದಿ ಸತ್ತಿದ್ದರು. ದೇಶವೆಲ್ಲ ತನ್ನನ್ನು ದೇವದೂತೆ ಎಂದು ಕೊಂಡಾಡುತ್ತಿದ್ದಾಗ, ತಾನು ಪ್ರೀತಿಯಿಂದ ಆರೈಕೆ ಮಾಡಿದ ಆ ಹುಡುಗರು ತನ್ನ ಕಾಲಡಿಯ ಮೋರಿಯಿಂದ ಸಾಯುತ್ತಿದ್ದರು ಎಂಬ ಅರಿವನ್ನು ಹೊತ್ತುಕೊಂಡು ಬದುಕುವುದು ಹೇಗಿರಬೇಕು, ನೀವೇ ಯೋಚಿಸಿ. 1857ರಲ್ಲಿ ಅವರು ಕುಸಿದುಬಿದ್ದರು. ಕ್ರೈಮಿಯಾದಲ್ಲಿ ಹತ್ತಿದ್ದ ಜ್ವರದ ಶೇಷವೂ ದೇಹದಲ್ಲಿತ್ತು. ಅಲ್ಲಿಂದ ಮುಂದೆ ದಶಕಗಳ ಕಾಲ ಹೆಚ್ಚಾಗಿ ಹಾಸಿಗೆ, ಕೋಣೆ ಬಿಟ್ಟು ಹೊರಬರಲಿಲ್ಲ. ಆದರೆ ತನಗೆ ಅಪಕೀರ್ತಿ ತರಬಹುದಾದ ಆ ಲೆಕ್ಕವನ್ನು ಅವರು ಬಚ್ಚಿಡಲಿಲ್ಲ. 1858ರಲ್ಲಿ ಅದನ್ನೇ ಬಣ್ಣದ ಚಿತ್ರವಾಗಿ, ತಡೆಯಬಹುದಾಗಿದ್ದ ರೋಗದ ಸಾವು ನೀಲಿ, ಗಾಯದ ಸಾವು ಕೆಂಪು ಎಂದು ಬಿಡಿಸಿ, ಓದಲು ಬಿಡುವಿಲ್ಲದ ದೊಡ್ಡವರ ಕಣ್ಣಿಗೂ ಬೀಳುವಂತೆ ಮಾಡಿದರು.

ಮಗಳೇ, ನೀನು ಬಾಯಿಪಾಠ ಮಾಡುತ್ತಿರುವ ನೋಟ್ ಪುಸ್ತಕದ ಸಾಲುಗಳು ಬಂದದ್ದು ಇಂತಹ ಕಡೆಯಿಂದ. ಕೈ ತೊಳೆ, ಕಿಟಕಿ ತೆರೆ, ಹಾಸಿಗೆ ಬಟ್ಟೆ ಬದಲಿಸು, ಮಲಮೂತ್ರದ ಪಾತ್ರೆಯನ್ನು ಮುಚ್ಚಿ ಒಯ್ಯು ಎಂಬ ಒಂದೊಂದು ಸಾಲಿನ ಹಿಂದೆಯೂ ಯಾರೋ ತಾಯಂದಿರ ಮಕ್ಕಳ ಸಮಾಧಿಗಳ ಸಾಲಿದೆ. ಅಂಕಕ್ಕಾಗಿ ಓದುವಾಗಲೂ ಇದು ನೆನಪಿರಲಿ.

1859ರ ಕೊನೆಗೆ ಅವರು ಶುಶ್ರೂಷೆಯ ಕುರಿತು ಒಂದು ಸಣ್ಣ ಪುಸ್ತಕ ಬರೆದು ಮುಗಿಸಿದರು. ಅದು ನರ್ಸುಗಳ ಪಠ್ಯವಾಗಿರದೆ ಮನೆಯಲ್ಲಿ ರೋಗಿಯನ್ನು ನೋಡಿಕೊಳ್ಳುವ ಪ್ರತಿ ಹೆಂಗಸಿಗಾಗಿ ಬರೆದದ್ದು, ಆದ್ದರಿಂದ ನಮ್ಮ ಅವ್ವಂದಿರಿಗೂ ಸಲ್ಲುತ್ತದೆ. ಅದರಲ್ಲಿರುವ ಕೆಲವು ವಿಷಯ ಕೇಳಿ. ರೋಗಿಗೆ ಚೆನ್ನಾಗಿ ನಿದ್ದೆ ಬಂತೇ ಎಂದು ಕೇಳಬಾರದು, ಎಷ್ಟು ಗಂಟೆ ಮಲಗಿದ್ದರು, ಯಾವ ಹೊತ್ತಿನಲ್ಲಿ ಎಚ್ಚರವಾಯಿತು ಎಂದು ಕೇಳಬೇಕು. ಮೊದಲನೆಯದಕ್ಕೆ ಸಂಕೋಚದ ಉತ್ತರ ಬರುತ್ತದೆ, ಎರಡನೆಯದಕ್ಕೆ ನಿಜ ಬರುತ್ತದೆ. ರೋಗಿಯ ಕೋಣೆಯ ಬಾಗಿಲಲ್ಲಿ ನಿಂತು ಪಿಸುಗುಟ್ಟುವುದು ಜೋರಾಗಿ ಮಾತಾಡುವುದಕ್ಕಿಂತ ಕೆಟ್ಟದ್ದು. ನೋಡಲು ಬಂದವರು ಏನೂ ತಿಳಿಯದೆ ಬೇಗ ವಾಸಿಯಾಗುತ್ತದೆ ಬಿಡಿ ಎಂದು ಹೇಳುವ ಸಮಾಧಾನ ರೋಗಿಯನ್ನು ಇನ್ನಷ್ಟು ಒಂಟಿ ಮಾಡುತ್ತದೆ. ಬೆನ್ನಿನ ಮೇಲೆ ಹಾಸಿಗೆ ಹುಣ್ಣು ಎದ್ದರೆ ತಪ್ಪು ಸಾಮಾನ್ಯವಾಗಿ ರೋಗದ್ದಲ್ಲ, ಆರೈಕೆಯದು. ತಾನಿದ್ದಾಗ ಮಾಡುವ ಕೆಲಸ ತಾನಿಲ್ಲದಾಗಲೂ ನಡೆಯುವಂತೆ ಏರ್ಪಾಡು ಮಾಡಿದವಳೇ ನಿಜವಾದ ಶುಶ್ರೂಷಕಿ. ಈ ಕೊನೆಯ ಮಾತನ್ನು ಧರ್ಮಕೇಂದ್ರ ನಡೆಸುವ ನಮ್ಮಂಥವರೂ ಕೇಳಿಸಿಕೊಳ್ಳಬೇಕು.

ಇವೆಲ್ಲ ನೋಟದ ಪಾಠಗಳು. ಸಂಖ್ಯೆ ಅವರಿಗೆ ಬೇಡವಾಗಿತ್ತೆಂದು ತಿಳಿಯಬೇಡಿ, ಅವರಷ್ಟು ಸಂಖ್ಯೆಯನ್ನು ಪ್ರೀತಿಸಿದವರು ವಿರಳ. ಆದರೆ ನಾಡಿ 60ರಿಂದ 100 ಎಂಬುದು ಎಲ್ಲರ ಕುರಿತ ಮಾತು. ಎದುರಿಗೆ ಮಲಗಿರುವ ಈ ಒಬ್ಬ ಮುದುಕಪ್ಪನ ನಾಡಿ ನಿನ್ನೆ 72 ಇದ್ದದ್ದು ಇಂದು 96 ಆಗಿದೆ, ಮುಖ ಬಿಳಿಚಿದೆ, ಮಾತು ಕಡಿಮೆಯಾಗಿದೆ ಎಂದು ಕಾಣುವುದಕ್ಕೆ ಬೇರೆ ಕಣ್ಣು ಬೇಕು. ಪಟ್ಟಿಯ ಪ್ರಕಾರ 96 ಸರಿಯೇ, ಆದರೂ ಇವನಿಗೆ ಏನೋ ಆಗುತ್ತಿದೆ. ವಿವೇಕವೆಂಬ ಸದ್ಗುಣಕ್ಕೆ ಸಾಮಾನ್ಯ ತತ್ತ್ವದ ತಿಳಿವಳಿಕೆಯೂ ಬೇಕು, ಕಣ್ಣೆದುರಿನ ಒಂದೊಂದು ಸಂದರ್ಭದ ತಿಳಿವಳಿಕೆಯೂ ಬೇಕು ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ. ಗುರುಮಠದಲ್ಲಿ ಓದುವಾಗ ಒಣ ಎನಿಸುವ ಆ ಪಾಠಕ್ಕೆ ಆಸ್ಪತ್ರೆಯ ವಾರ್ಡಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪಟ್ಟಿ ಗೊತ್ತಿಲ್ಲದವಳಿಗೆ 96 ಎಂದರೆ ಏನೆಂದೇ ತಿಳಿಯದು, ಪಟ್ಟಿ ಮಾತ್ರ ಗೊತ್ತಿರುವವಳು ಸರಿಯಿದೆ ಎಂದು ಬರೆದು ಮುಂದೆ ಹೋಗುತ್ತಾಳೆ.

ಯುದ್ಧದ ಕಾಲದಲ್ಲಿ ಜನರು ಕೂಡಿಸಿಕೊಟ್ಟ ನಿಧಿಯಿಂದ 1860ರ ಜೂನ್ 24ರಂದು ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ತರಬೇತಿ ಶಾಲೆ ಶುರುವಾಯಿತು. ಮೊದಲ ತಂಡದಲ್ಲಿ 15 ಮಂದಿ, ಒಂದು ವರ್ಷದ ತರಬೇತಿ. ಪ್ರತಿಯೊಬ್ಬಳ ಹೆಸರಿನಲ್ಲಿ ತಿಂಗಳಿಗೊಂದು ಹಾಳೆ. ಹೊತ್ತಿಗೆ ಸರಿಯಾಗಿ ಬರುತ್ತಾಳೆಯೇ, ಮೆಲ್ಲಗೆ ನಡೆದಾಡುತ್ತಾಳೆಯೇ, ನಂಬಿಗಸ್ಥಳೇ, ಶುಚಿಯಾಗಿದ್ದಾಳೆಯೇ, ವಾರ್ಡನ್ನು ಹೇಗೆ ಇಡುತ್ತಾಳೆ ಎಂದು ಮೇಟ್ರನ್ ತುಂಬಬೇಕು. ನೈಟಿಂಗೇಲ್ ತಮ್ಮ ಹಾಸಿಗೆಯಿಂದಲೇ ಹುಡುಗಿಯರ ದಿನಚರಿ ತರಿಸಿ ಓದುತ್ತಿದ್ದರು, ಒಬ್ಬೊಬ್ಬರನ್ನೂ ಕರೆಸಿ ಮಾತಾಡಿಸುತ್ತಿದ್ದರು.

ಈ ನಡುವೆ ನಮ್ಮ ದೇಶದ ಕೆಲಸವೂ ಅವರನ್ನು ಹಿಡಿಯಿತು. ಒಮ್ಮೆಯೂ ಭಾರತಕ್ಕೆ ಬಾರದೆ, ಇಲ್ಲಿಯ ದಂಡಿನ ಊರುಗಳಿಗೆಲ್ಲ ಪ್ರಶ್ನೆಪಟ್ಟಿ ಕಳಿಸಿ ಉತ್ತರ ತರಿಸಿದರು. ಬೆಂಗಳೂರು, ಬಳ್ಳಾರಿ, ಹುಮನಾಬಾದಿನಿಂದ ಹೆದ್ದಾರಿ ಹಿಡಿದರೆ ಸಿಗುವ ಸಿಕಂದರಾಬಾದ್, ಎಲ್ಲವೂ ಆಗ ದಂಡಿನ ಊರುಗಳು. 1859ರಲ್ಲಿ ನೇಮಕವಾದ ಆಯೋಗ 1863ರಲ್ಲಿ ವರದಿ ಕೊಟ್ಟಿತು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರು, ಅದೂ ಹೆಚ್ಚಾಗಿ ನೀರು, ಮೋರಿ, ಇಕ್ಕಟ್ಟಿನ ಬ್ಯಾರಕ್ಕುಗಳ ಕಾರಣದಿಂದ. ಹತ್ತು ವರ್ಷದ ಮೇಲೆ ಅದು 18ಕ್ಕೆ ಇಳಿದಿದೆಯೆಂದು ಅವರು ಬರೆದರು. ಸೈನಿಕರಿಗೆ ಸಿಕ್ಕ ಶುದ್ಧ ನೀರು ಹಳ್ಳಿಯ ರೈತನಿಗೂ ಸಿಗಬೇಕೆಂದು ಮುಂದಿನ ಮೂವತ್ತು ವರ್ಷ ವೈಸ್‌ರಾಯಿಗಳಿಗೆ ಪತ್ರ ಬರೆದು ಕಾಡಿದರು. ಮಾಣಿಕ ಪ್ರಭುಗಳು ಸಮಾಧಿಸ್ಥರಾದದ್ದು 1865ರಲ್ಲಿ. ಆ ಕಾಲದಲ್ಲಿ ಜಾತ್ರೆ, ಯಾತ್ರೆ ಎಂದರೆ ಜನರ ಜೊತೆಗೆ ಕಾಲರಾವೂ ಊರಿಂದೂರಿಗೆ ನಡೆಯುತ್ತಿತ್ತು. ಇಂದು ದತ್ತ ಜಯಂತಿಗೆ ಮಾಣಿಕನಗರದಲ್ಲಿ ಸೇರುವ ಜನಸಾಗರ ನೋಡಿದಾಗ ಈ ವ್ಯತ್ಯಾಸ ನೆನಪಾಗುತ್ತದೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕ ಪರೀಕ್ಷೆಯಲ್ಲಿ ಒಂದು ಅಂಕದ ಪ್ರಶ್ನೆ. ಆದರೆ ಭೇದಿಯಿಂದ ಸೊರಗಿದ ಕೂಸನ್ನು ಎತ್ತಿಕೊಂಡು ಪಕ್ಕದ ಮನೆಯಾಕೆ ಬಂದಾಗ ಅದು ಜೀವ.

ಇನ್ನು ಪರೀಕ್ಷೆಯ ಜಗಳಕ್ಕೆ ಬರೋಣ. 1887ರಲ್ಲಿ ಎಥೆಲ್ ಬೆಡ್‌ಫೋರ್ಡ್ ಫೆನ್ವಿಕ್ ಎಂಬ ಮಾಜಿ ಮೇಟ್ರನ್ ಬ್ರಿಟಿಷ್ ನರ್ಸುಗಳ ಸಂಘ ಕಟ್ಟಿದರು. ಮೂರು ವರ್ಷ ತರಬೇತಿ ಪಡೆದು ಅರ್ಹತೆ ತೋರಿಸಿದವರ ಹೆಸರು ಮಾತ್ರ ಒಂದು ದಾಖಲೆ ಪುಸ್ತಕದಲ್ಲಿ ಇರಬೇಕು, ಅದರಲ್ಲಿ ಇಲ್ಲದವರು ನರ್ಸೆಂದು ಹೇಳಿಕೊಳ್ಳಬಾರದು ಎಂಬುದು ಅವರ ಬೇಡಿಕೆ. ಅರವತ್ತೇಳು ವರ್ಷದ ನೈಟಿಂಗೇಲ್ ಬಲವಾಗಿ ವಿರೋಧಿಸಿದರು. ಕಾಗದದ ಪರೀಕ್ಷೆ ಜ್ಞಾಪಕಶಕ್ತಿಯನ್ನು ಅಳೆಯಬಹುದು, ತಾಳ್ಮೆಯನ್ನು, ಪ್ರಾಮಾಣಿಕತೆಯನ್ನು, ನಡುರಾತ್ರಿ ಯಾರೂ ನೋಡದಿರುವಾಗ ಮಾಡುವ ಕೆಲಸವನ್ನು ಅಳೆಯಲಾರದು ಎಂಬುದು ಅವರ ವಾದ. ಇಪ್ಪತ್ತು ವರ್ಷದ ಹಿಂದೆ ಪಾಸಾದವಳು ಇಂದು ಹೇಗಿದ್ದಾಳೆಂದು ದಾಖಲೆ ಪುಸ್ತಕ ಹೇಳುವುದಿಲ್ಲ. ಹೆಸರು ಒಮ್ಮೆ ಸೇರಿದರೆ ಸಾಕು, ಇನ್ನು ಕಲಿಯುವುದೇನೂ ಇಲ್ಲ ಎಂದು ಹುಡುಗಿಯರು ತಿಳಿದಾರು ಎಂಬ ಭಯವೂ ಇತ್ತು. 1893ರಲ್ಲಿ ಸಂಘಕ್ಕೆ ರಾಜಸನ್ನದು ಸಿಕ್ಕಿದರೂ ಹೆಸರುಗಳ ಪಟ್ಟಿ ಇಡಲಷ್ಟೇ ಅನುಮತಿ, ಕಾನೂನಿನ ಬಲವುಳ್ಳ ನೋಂದಣಿಯಿಲ್ಲ. ನೈಟಿಂಗೇಲರ ಕಡೆಯವರಿಗೆ ಅಷ್ಟರ ಮಟ್ಟಿಗೆ ಗೆಲುವು.

ನನ್ನ ಅಭಿಪ್ರಾಯ ಕೇಳಿದರೆ, ಈ ವಿಷಯದಲ್ಲಿ ಆ ಮಹಾತಾಯಿ ತಪ್ಪಿದರು. ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಒಬ್ಬೊಬ್ಬ ಹುಡುಗಿಯ ಗುಣವನ್ನೂ ತಿಂಗಳಿಗೊಮ್ಮೆ ಬರೆದಿಡಲು ಮೇಟ್ರನ್ ಇದ್ದರು. ಹಳ್ಳಿಯಲ್ಲಿ ಸೂಜಿ ಚುಚ್ಚಿ, ಸಲೈನ್ ಬಾಟಲಿ ನೇತುಹಾಕುವವರು ಏನು ಕಲಿತಿದ್ದಾರೆಂದು ಬಡವನಿಗೆ ತಿಳಿಯುವುದು ಹೇಗೆ? ಅವನಿಗೆ ಇರುವ ಒಂದೇ ಕಾವಲು ಆ ನೋಂದಣಿ. ದುಡ್ಡಿದ್ದವರು ಒಳ್ಳೆಯ ನರ್ಸನ್ನು ವಿಚಾರಿಸಿ ಕರೆಸಿಕೊಳ್ಳಬಲ್ಲರು, ಇಲ್ಲದವರಿಗೆ ಕಾನೂನೇ ವಿಚಾರಿಸಬೇಕು. ಇಂಗ್ಲೆಂಡಿನಲ್ಲಿ 1919ರಲ್ಲಿ ನರ್ಸುಗಳ ನೋಂದಣಿ ಕಾಯ್ದೆ ಬಂತು, ಮೊದಲ ಸಂಖ್ಯೆ ಫೆನ್ವಿಕ್ ಅವರದೇ ಆಯಿತು. ನಮ್ಮ ದೇಶದಲ್ಲಿ 1947ರ ಡಿಸೆಂಬರ್ ಕೊನೆಯಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ, ನಮ್ಮ ರಾಜ್ಯದಲ್ಲಿ 1961ರಲ್ಲಿ ನರ್ಸುಗಳ ಮತ್ತು ಸೂಲಗಿತ್ತಿಯರ ನೋಂದಣಿಯ ಕಾಯ್ದೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಹೊಸ ಕಾಯ್ದೆಯನ್ನು ಅಂಗೀಕರಿಸಿತು.

ಆದರೂ ಅವರ ಭಯ ಪೊಳ್ಳೆಂದು ತಳ್ಳಿಹಾಕಲು ನನಗೆ ಮನಸ್ಸು ಬಾರದು. ಹಳೆಯ ಪ್ರಶ್ನೆಪತ್ರಿಕೆಗಳ ಉತ್ತರ ಉರುಹೊಡೆದು ಪಾಸಾಗಿ, ವಾರ್ಡಿನಲ್ಲಿ ನಾಡಿ ಎಣಿಸದೆಯೇ ಚಾರ್ಟಿನಲ್ಲಿ 72 ಎಂದು ಬರೆದಿಡುವುದು ಎಲ್ಲಿಯೂ ನಡೆಯುವುದಿಲ್ಲವೆಂದು ಎದೆ ಮುಟ್ಟಿ ಹೇಳಬಲ್ಲಿರಾ? ಪರೀಕ್ಷಕರು ಆ ಸುಳ್ಳನ್ನು ಕಾಣರು. ಅಂಥ ಒಂದು ಅಂಕಿಯನ್ನು ನಂಬಿ ವೈದ್ಯರು ಔಷಧ ಬರೆಯುತ್ತಾರೆ. ಆದ್ದರಿಂದ ತಂದೆತಾಯಿಗಳೇ, ಮಗಳು ಓದುವಾಗ ಎಷ್ಟು ಅಂಕ ಬರಬಹುದೆಂದು ಕೇಳುವ ಜೊತೆಗೆ, ಇಂದು ಯಾವ ರೋಗಿಯನ್ನು ನೋಡಿದೆ, ಆತ ಹೇಗಿದ್ದಾನೆ ಎಂದೂ ಒಂದು ಮಾತು ಕೇಳಿ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜಿಯಿದ್ದರೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದನ್ನು, ನಾಡಿ ಎಣಿಸಿ ಬರೆಯುವುದನ್ನು ಆಕೆಗೇ ಒಪ್ಪಿಸಿ. ಆ ಪಾಠ ಪರೀಕ್ಷೆಯ ದಿನವೂ ಮರೆಯುವುದಿಲ್ಲ.

ನೈಟಿಂಗೇಲರ ಕೊನೆಯ ವರ್ಷಗಳು ಕಷ್ಟದವು. ನೋಡುವುದನ್ನೇ ಜಗತ್ತಿಗೆ ಕಲಿಸಿದವರ ಕಣ್ಣು ಮಂಜಾಗಿ ಪೂರ್ತಿ ಹೋಯಿತು. ಅಂಕಿಗಳನ್ನು ಬೆರಳ ತುದಿಯಲ್ಲಿಟ್ಟುಕೊಂಡಿದ್ದವರ ನೆನಪು ಅಳಿಸಿತು. ಜೀವನವಿಡೀ ಪರರ ಹಾಸಿಗೆಯ ಚಿಂತೆ ಮಾಡಿದವರು ತಮ್ಮ ಹಾಸಿಗೆಯನ್ನು ಬೇರೆಯವರ ಕೈಗೆ ಒಪ್ಪಿಸಬೇಕಾಯಿತು. 1907ರಲ್ಲಿ ಆರ್ಡರ್ ಆಫ್ ಮೆರಿಟ್ ಎಂಬ ದೊಡ್ಡ ಗೌರವ, ಅದುವರೆಗೆ ಯಾವ ಹೆಣ್ಣುಮಗಳಿಗೂ ಸಿಗದಿದ್ದದ್ದು, ಮನೆ ಬಾಗಿಲಿಗೆ ಬಂದಾಗ ಅದೇನೆಂದು ಅವರಿಗೆ ಸರಿಯಾಗಿ ತಿಳಿಯುವ ಸ್ಥಿತಿಯಿರಲಿಲ್ಲ. 1910ರ ಆಗಸ್ಟ್ 13ರಂದು ಮಧ್ಯಾಹ್ನ ನಿದ್ದೆಯಲ್ಲೇ ತೀರಿಕೊಂಡರು, ವಯಸ್ಸು ತೊಂಬತ್ತು. ರಾಜರು ಮಲಗುವ ವೆಸ್ಟ್‌ಮಿನ್‌ಸ್ಟರ್ ಅಬ್ಬೆಯಲ್ಲಿ ಸಮಾಧಿ ಮಾಡಲು ಸರ್ಕಾರ ಸಿದ್ಧವಿತ್ತು, ಅವರ ಇಚ್ಛೆಯಂತೆ ಬಂಧುಗಳು ಒಪ್ಪಲಿಲ್ಲ. ಹಳ್ಳಿಯ ಸಣ್ಣ ದೇವಾಲಯದ ಅಂಗಳದಲ್ಲಿ, ತಂದೆತಾಯಿಗಳ ಪಕ್ಕದಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಪೂರ್ತಿ ಹೆಸರಿಲ್ಲ, ಹೆಸರಿನ ಎರಡು ಮೊದಲಕ್ಷರಗಳು, ಹುಟ್ಟು ಮತ್ತು ಸಾವಿನ ವಿವರ, ಅಷ್ಟೇ.